ಜೆರ್ರಿ ಕ್ಯಾನ್ ಗಾಡಿಗೆ ಕಟ್ಟುವ ಮುನ್ನ: ಜಾಗ, ಬ್ರಾಕೆಟ್, ಬೋಲ್ಟು, ಒತ್ತಡ

ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಚಂದ್ರಾ, ಭಾಗಾ ನದಿಗಳು ಕೂಡುವ ಊರು ತಾಂಡಿ. ಮುಂದಿನ ಪೆಟ್ರೋಲ್ ಬಂಕ್ 365 ಕಿ.ಮೀ. ದೂರ ಎಂದು ಅಲ್ಲಿ ಹಾಕಿದ್ದ ಫಲಕ ಹೆಸರುವಾಸಿ. ಅದರ ಫೋಟೊ ನೋಡಿಯೇ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಿಂದ ಹೊರಡುವವರು ಗಾಡಿಗೆ ಹೆಚ್ಚುವರಿ ಇಂಧನ ಒಯ್ಯುವ ಎರಡೆರಡು ಜೆರ್ರಿ ಕ್ಯಾನ್ ಕಟ್ಟಿಸಿಕೊಳ್ಳುತ್ತಾರೆ. ಹಾಗೆ ಕಟ್ಟಿಸುವಾಗ ಹೆಚ್ಚಿನವರು ಕ್ಯಾನ್ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಕ್ಯಾನನ್ನು ಗಾಡಿಗೆ ಹಿಡಿದಿಡುವ ಬ್ರಾಕೆಟ್ ಮಾತ್ರ ನೋಡುವುದಿಲ್ಲ. ಹೊಡೆತ ಬೀಳುವುದು ಅಲ್ಲೇ. ತುಂಬಿದ ಕ್ಯಾನಿನ ಭಾರ ಬ್ರಾಕೆಟ್ಟಿನ ತಳದ ತಟ್ಟೆಯ ಮೇಲೆ ಕೂರಬೇಕು, ಆ ತಟ್ಟೆಯ ಭಾರ ಚಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ, ಇಳಿಯಬೇಕು, ಸುತ್ತಿ ಬಿಗಿಯುವ ಪಟ್ಟಿಯ ಕೆಲಸ ಕ್ಯಾನ್ ಅಲುಗದಂತೆ ಹಿಡಿಯುವುದಷ್ಟೇ ಆಗಿರಬೇಕು. ಈ ಮೂರು ಸರಿಯಾದರೆ ಉಳಿದದ್ದೆಲ್ಲ ತಿದ್ದಿಕೊಳ್ಳಬಹುದು.

ನಿಜಕ್ಕೂ ಎಷ್ಟು ಬೇಕು

ಮೊದಲು ಲೆಕ್ಕ. ಎತ್ತರದ ಘಾಟಿಯಲ್ಲಿ, ಕಡಿಮೆ ಗೇರಿನಲ್ಲಿ, ಸಾಮಾನು ಹೇರಿಕೊಂಡ ಗಾಡಿ ಲೀಟರಿಗೆ 10–11 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. ಊರಿನ ಹೆದ್ದಾರಿಯ ಮೈಲೇಜ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 365 ಕಿ.ಮೀ.ಗೆ 33ರಿಂದ 37 ಲೀಟರ್ ಸಾಕು. ಮಹೀಂದ್ರಾದ ಮೂರು ಬಾಗಿಲಿನ ಥಾರ್ ಜೀಪಿನ ಟ್ಯಾಂಕ್ 57 ಲೀಟರ್. ತಾಂಡಿಯಲ್ಲಿ ಭರ್ತಿ ಮಾಡಿ ಹೊರಟರೆ ಕ್ಯಾನ್ ಬೇಕೇ ಇಲ್ಲ. ಮಾರುತಿಯ ಜಿಮ್ನಿಯದು 40 ಲೀಟರ್. ತಲುಪುತ್ತದೆ, ಆದರೆ ಕೈಯಲ್ಲಿ ಉಳಿಯುವುದು ಕಡಿಮೆ. ರಸ್ತೆ ಬಂದ್ ಆಗಿ ವಾಪಸ್ ತಿರುಗಬೇಕಾದರೆ ಕಷ್ಟ. ಅದಕ್ಕೆ 10 ಲೀಟರಿನ ಒಂದು ಕ್ಯಾನ್ ಸಾಕು.

ಕ್ಯಾನಿನ ನಿಜವಾದ ಉಪಯೋಗ ಲೇಹ್‌ನಿಂದಾಚೆಗೆ. ಲೇಹ್‌ನಲ್ಲಿ ತುಂಬಿಸಿ, ಹಾನ್ಲೆ ಊರು ದಾಟಿ ಉಮ್ಲಿಂಗ್ ಲಾ ಘಾಟಿ ಹತ್ತಿ ಅದೇ ದಾರಿಯಲ್ಲಿ ಮರಳಿದರೆ ಸುಮಾರು 700 ಕಿ.ಮೀ. ಅದಕ್ಕೆ 70 ಲೀಟರ್, ಮೇಲೆ ಶೇ 10ರಷ್ಟು ಮೀಸಲು ಸೇರಿಸಿ ಸುಮಾರು 77 ಲೀಟರ್. ಥಾರ್‌ಗೆ 20 ಲೀಟರಿನ ಒಂದು ಕ್ಯಾನ್, ಜಿಮ್ನಿಗೆ ಎರಡು. ಇದಕ್ಕಿಂತ ಹೆಚ್ಚು ಹೊರುವುದು ಸುಮ್ಮನೆ ಭಾರ. ಕರ್ನಾಟಕದೊಳಗಿನ ಓಡಾಟಕ್ಕೆ, ಅದು ಸಕಲೇಶಪುರದ ಕಾಡುದಾರಿಯೇ ಆಗಲಿ, ತುಂಬಿದ ಕ್ಯಾನ್ ಹೊರುವ ಅಗತ್ಯವೇ ಇಲ್ಲ. ಬೆಂಗಳೂರಿನಿಂದ ಉತ್ತರಕ್ಕೆ ಹೋಗುವಾಗಲೂ ಮನಾಲಿಯವರೆಗೆ ಖಾಲಿ ಕ್ಯಾನನ್ನೇ ಒಯ್ಯಿರಿ.

ಕ್ಯಾನ್ ಆರಿಸುವಾಗ

ಉಕ್ಕಿನ 20 ಲೀಟರಿನ ಮಿಲಿಟರಿ ಮಾದರಿಯನ್ನೇ ತೆಗೆದುಕೊಳ್ಳಿ. 1930ರ ದಶಕದಲ್ಲಿ ಜರ್ಮನ್ ಸೇನೆಗಾಗಿ ಮಾಡಿದ ವಿನ್ಯಾಸ ಇಂದಿಗೂ ಬಹುಪಾಲು ಹಾಗೇ ಉಳಿದಿದೆ. ಮೂರು ಹಿಡಿ ಇರುವುದರಿಂದ ಒಂದು ಕ್ಯಾನನ್ನು ಇಬ್ಬರು ಎರಡು ಕಡೆಯಿಂದ ಹಿಡಿಯಬಹುದು, ಖಾಲಿ ಇದ್ದಾಗ ಒಬ್ಬರೇ ಒಂದೊಂದು ಕೈಯಲ್ಲಿ ಎರಡೆರಡು ಹೊರಬಹುದು. ಪಕ್ಕದ ಅಗಲ ಮುಖದಲ್ಲಿ ಒತ್ತಿದ ದೊಡ್ಡ ಗುಣಾಕಾರ ಚಿಹ್ನೆ ಅಂದಕ್ಕಲ್ಲ. ಒಳಗಿನ ಒತ್ತಡ ಏರಿಳಿದಾಗ ತಗಡು ಸೀಳದೆ ಉಬ್ಬಿ ತಗ್ಗಲು ಅದು ಎಡೆ ಕೊಡುತ್ತದೆ. ಅಳತೆ ಸುಮಾರು 470 ಮಿ.ಮೀ. ಎತ್ತರ, 345 ಅಗಲ, 165 ದಪ್ಪ. ಖಾಲಿ ತೂಕ 4 ಕೆ.ಜಿ. ಆಸುಪಾಸು. 20 ಲೀಟರ್ ಪೆಟ್ರೋಲ್ ಸುಮಾರು 15 ಕೆ.ಜಿ., ಡೀಸೆಲ್ ಸುಮಾರು 16.5 ಕೆ.ಜಿ. ಅಂದರೆ ತುಂಬಿದ ಒಂದು ಕ್ಯಾನಿಗೆ 20 ಕೆ.ಜಿ. ಎಂದು ಹಿಡಿಯಿರಿ.

ಅಗ್ಗದ ನಕಲುಗಳು ಎರಡು ಕಡೆ ಕೈಕೊಡುತ್ತವೆ. ಒಂದು, ಮುಚ್ಚಳದ ರಬ್ಬರ್ ಉಂಗುರ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಸಾಧಾರಣ ರಬ್ಬರ್ ಅದರಲ್ಲಿ ಊದಿ ಮೆತ್ತಗಾಗಿ ಒಂದೇ ಪ್ರಯಾಣದಲ್ಲಿ ಕೆಡುತ್ತದೆ. ನೈಟ್ರೈಲ್ ಅಥವಾ ವೈಟಾನ್ ಉಂಗುರ ಹಾಕಿಸಿ, ಒಂದು ಹೆಚ್ಚುವರಿಯನ್ನು ಟೂಲ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಎರಡು, ಒಳಬಣ್ಣ. ಟಾರ್ಚ್ ಬಿಟ್ಟು ನೋಡಿ. ಬಣ್ಣ ಹಪ್ಪಳೆ ಎದ್ದಿದ್ದರೆ, ತಗಡು ಕೂಡಿಸಿದ ಹೊಲಿಗೆಯ ಉದ್ದಕ್ಕೂ ತುಕ್ಕಿನ ಗೆರೆ ಕಂಡರೆ ಆ ಕ್ಯಾನ್ ಬೇಡ. ಆ ಹಪ್ಪಳೆಯೆಲ್ಲ ಕೊನೆಗೆ ಫ್ಯುಯೆಲ್ ಫಿಲ್ಟರಿಗೆ ಬರುತ್ತದೆ, ಕಾಮನ್ ರೈಲ್ ಡೀಸೆಲ್ ಎಂಜಿನ್ನಿಗೆ ಅದು ದೊಡ್ಡ ಪೆಟ್ಟು.

ಸೋರುತ್ತದೆಯೇ ಎಂದು ನೋಡಲು ಎರಡು ಲೀಟರ್ ಇಂಧನ ಹಾಕಿ, ಮುಚ್ಚಳ ಬಿಗಿದು, ಬಯಲಿನಲ್ಲಿ ಒಣ ರಟ್ಟಿನ ಮೇಲೆ ತಲೆಕೆಳಗಾಗಿ ಅರ್ಧ ಗಂಟೆ ಇಡಿ. ಒಂದು ಕಲೆ ಬಿದ್ದರೂ ಉಂಗುರ ಬದಲಿಸಿ ಮತ್ತೆ ನೋಡಿ. ನೀರು ಹಾಕಿ ನೋಡಿದರೆ ಗೊತ್ತಾಗುವುದಿಲ್ಲ. ನೀರು ನಿಲ್ಲುವ ಸಂದಿಯಲ್ಲಿ ಪೆಟ್ರೋಲ್ ಜಿನುಗುತ್ತದೆ.

ಕಾನೂನಿನ ಮಾತು ಚಿಕ್ಕದು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ 30 ಲೀಟರ್‌ವರೆಗಿನ ಪೆಟ್ರೋಲಿಗೆ ಲೈಸೆನ್ಸ್ ಬೇಡ. ಲೋಹದ ಪಾತ್ರೆ 25 ಲೀಟರ್ ಮೀರಬಾರದು, ಬಿರಡೆ ಭದ್ರವಾಗಿರಬೇಕು. ತನ್ನ ಗಾಡಿಯ ಓಟಕ್ಕೆಂದು ಇಟ್ಟುಕೊಳ್ಳುವ ಮಾಲೀಕರಿಗೆ 9ನೇ ಕಲಂ ಟ್ಯಾಂಕಿನಲ್ಲಿರುವುದನ್ನು ಬಿಟ್ಟು 100 ಲೀಟರ್‌ವರೆಗೆ ಸಡಿಲಿಕೆ ಕೊಡುತ್ತದೆ. ಇದಿದ್ದರೂ ಕೆಲವು ಕಡೆ ಜಿಲ್ಲಾಡಳಿತದ ಆದೇಶವಿದ್ದು ಬಂಕಿನವರು ಕ್ಯಾನಿಗೆ ಹಾಕದೇ ಇರಬಹುದು. ಅಲ್ಲಿ ವಾದಿಸದೆ ಮುಂದಿನ ಬಂಕ್ ನೋಡಿಕೊಳ್ಳಿ.

ಎಲ್ಲಿ ಕಟ್ಟಬೇಕು

ಜಾಗದ ವಿಷಯದಲ್ಲಿ ಗ್ಯಾರೇಜಿನವರ ಮಾತಿಗಿಂತ ತೂಕದ ಲೆಕ್ಕಕ್ಕೆ ಬೆಲೆ ಕೊಡಿ. ಭಾರ ಕೆಳಗಿದ್ದಷ್ಟೂ, ಎರಡು ಆಕ್ಸಲ್‌ಗಳ ನಡುವೆ ಇದ್ದಷ್ಟೂ ಗಾಡಿ ನೆಟ್ಟಗಿರುತ್ತದೆ. ಆದರೆ ಥಾರ್, ಜಿಮ್ನಿ, ಗೂರ್ಖಾದಂಥ ಗಾಡಿಗಳಲ್ಲಿ ಹೊರಗಡೆ ಅಂಥ ಜಾಗ ಇಲ್ಲ. ಬಾಗಿಲುಗಳ ಕೆಳಗಿನ ಉಕ್ಕಿನ ಕಂಬಿಗೆ (ಸ್ಲೈಡರ್) ಕಟ್ಟಿದರೆ ಮೊದಲ ಬಂಡೆಗೇ ಕ್ಯಾನ್ ಸೀಳುತ್ತದೆ. ಒಳಗೆ ಇಡೋಣ ಎಂದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾಲ ಬಳಿ ತುಂಬಿಕೊಳ್ಳುತ್ತದೆ, ಎತ್ತರದಲ್ಲಿ ಮೊದಲೇ ಇರುವ ತಲೆನೋವಿಗೆ ವಾಸನೆಯೂ ಸೇರುತ್ತದೆ, ಒಂದು ಕಿಡಿ ಸಾಕು ಅನಾಹುತಕ್ಕೆ. ಪೆಟ್ರೋಲ್ ಕ್ಯಾನ್ ಜನ ಕೂರುವ ಜಾಗದಲ್ಲಿ ಯಾವ ಕಾರಣಕ್ಕೂ ಬೇಡ.

ಉಳಿದವು ಮೂರು: ಚಾವಣಿ, ಹಿಂಬಾಗಿಲು, ಹಿಂಬದಿಯ ಬಂಪರ್.

ಚಾವಣಿಯಲ್ಲಿ ಎರಡು ಕ್ಯಾನ್ ಎಂದರೆ 40 ಕೆ.ಜಿ., ರ‍್ಯಾಕಿನದು ಇನ್ನೊಂದು 20–30 ಕೆ.ಜಿ. ಓನರ್ಸ್ ಮ್ಯಾನ್ಯುಯಲ್ ತೆಗೆದು ಚಾವಣಿಯ ಭಾರಮಿತಿ ನೋಡಿ. ರ‍್ಯಾಕಿನ ತೂಕವೂ ಅದರೊಳಗೇ ಬರಬೇಕು ಎಂಬುದನ್ನು ಮರೆಯುವವರೇ ಹೆಚ್ಚು. ಗಾಡಿ ಓರೆಯಾದಾಗ ಈ ಭಾರವೇ ಮಗುಚಲು ಎಳೆಯುತ್ತದೆ. ಮೂರು ಬಾಗಿಲಿನ ಥಾರ್‌ನ ಹಾರ್ಡ್ ಟಾಪ್ ಉಕ್ಕಿನದಲ್ಲ. ಅದಕ್ಕೇ ನೇರ ತೂತು ಕೊರೆದು ಕ್ಯಾನ್ ಕೂರಿಸುವುದು ತಪ್ಪು. ರ‍್ಯಾಕಿನ ಕಾಲುಗಳು ಉಕ್ಕಿನ ಚೌಕಟ್ಟಿಗೆ ಇಳಿದಿರಬೇಕು. ಚಾವಣಿಯೇ ಗತಿ ಎಂದಾದರೆ ಒಂದೇ ಕ್ಯಾನ್, ಮುಂದಿನ ತುದಿಯಲ್ಲೂ ಬೇಡ ಹಿಂದಿನ ತುದಿಯಲ್ಲೂ ಬೇಡ, ನಡುವಿನ ಕಂಬಿಗಳ ಮೇಲೆ, ನಿಲ್ಲಿಸಿಯೇ. ಮಲಗಿಸಿದರೆ ಇಂಧನ ಸದಾ ಉಂಗುರಕ್ಕೆ ತಾಗಿಕೊಂಡಿರುತ್ತದೆ. ಖಾಲಿ ಕ್ಯಾನ್ ಒಯ್ಯಲು ಮಾತ್ರ ಚಾವಣಿ ಒಳ್ಳೆಯ ಜಾಗ.

ಹಿಂಬಾಗಿಲಿನ ಸ್ಟೆಪ್ನಿಗೆ ಜೋಡಿಸುವ ಬ್ರಾಕೆಟ್ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಹಾಕಿಸುತ್ತಾರೆ. ಕಂಪನಿ ಆ ಬಾಗಿಲಿನ ಕೀಲನ್ನು ಮಾಡಿರುವುದು ಒಂದು ಚಕ್ರದ ಭಾರಕ್ಕೆ. ಅದರ ಮೇಲೆ 20 ಕೆ.ಜಿ. ಕ್ಯಾನ್, 4–5 ಕೆ.ಜಿ. ಬ್ರಾಕೆಟ್, ಅದೂ ಚಕ್ರಕ್ಕಿಂತ ಇನ್ನೂ ಹಿಂದೆ ಚಾಚಿಕೊಂಡು. ತೊಳೆಹಲಗೆಯಂತೆ ಗೀರುಬಿದ್ದ ಕಚ್ಚಾ ರಸ್ತೆಯಲ್ಲಿ ಕೆಲವು ಗಂಟೆ ಓಡಿದರೆ ಬಾಗಿಲು ಇಳಿಬೀಳುತ್ತದೆ, ಚಿಲಕ ಕೂರುವುದಿಲ್ಲ, ರಬ್ಬರಿನ ಸಂದಿಯಿಂದ ಧೂಳು ಒಳಗೆ ಬರುತ್ತದೆ. ಮೊದಲ ಲಕ್ಷಣ: ಬಾಗಿಲು ತೆರೆದಾಗ ತುದಿ ಹಿಡಿದು ಎತ್ತಿದರೆ ಮೇಲೆ ಕೆಳಗೆ ಆಡುತ್ತದೆ. ಕೀಲಿನ ಸುತ್ತ ಬಣ್ಣ ಕೂದಲೆಳೆಯಂತೆ ಬಿರಿದಿದ್ದರೆ ತಗಡು ದಣಿದಿದೆ ಎಂದರ್ಥ. ಬಾಗಿಲಿಗೆ 10 ಲೀಟರಿಗಿಂತ ಹೆಚ್ಚು ಬೇಡ.

ಸರಿಯಾದ ಜಾಗ ಚಾಸಿಗೆ ಬೋಲ್ಟಾದ ಉಕ್ಕಿನ ಹಿಂಬಂಪರ್. ಅದರ ಮೇಲೆ, ಹಿಂಬಾಗಿಲು ತೆರೆಯಲು ಪಕ್ಕಕ್ಕೆ ತಿರುಗುವ ತೋಳು, ಆ ತೋಳಿನ ಮೇಲೆ ಕ್ಯಾನಿನ ತಟ್ಟೆ. ಇದಕ್ಕೂ ಬೆಲೆ ತೆರಬೇಕು. ಹಿಂದಿನ ಆಕ್ಸಲಿಗಿಂತ 90 ಸೆಂ.ಮೀ. ಹಿಂದೆ 40 ಕೆ.ಜಿ. ಇಟ್ಟರೆ, ಎರಡು ಆಕ್ಸಲ್‌ಗಳ ನಡುವಿನ ದೂರ (ವೀಲ್‌ಬೇಸ್) 2,450 ಮಿ.ಮೀ. ಇರುವ ಥಾರ್‌ನಲ್ಲಿ ಹಿಂದಿನ ಚಕ್ರಗಳ ಮೇಲೆ ಸುಮಾರು 55 ಕೆ.ಜಿ. ಕೂರುತ್ತದೆ, ಮುಂದಿನ ಚಕ್ರಗಳಿಂದ 15 ಕೆ.ಜಿ. ಏಳುತ್ತದೆ. ಬಂಪರಿನದೂ ತೋಳಿನದೂ ತೂಕ ಬೇರೆ. ಹಾಗಾಗಿ ಹಿಂಬದಿಯ ಟೈರಿನ ಗಾಳಿಯನ್ನು ಚಾಲಕನ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿ ಪೂರ್ಣ ಭಾರಕ್ಕೆ ಬರೆದಿರುವಷ್ಟಕ್ಕೆ ಏರಿಸಿ, ಒಳಗಿನ ಭಾರವಾದ ಪೆಟ್ಟಿಗೆಗಳನ್ನು ಹಿಂದಿನ ಸೀಟಿಗೆ ಒತ್ತಿ ಇಡಿ. ಹಿಂದಿನಿಂದ ಯಾರಾದರೂ ಗುದ್ದಿದರೆ ಮೊದಲು ಸಿಗುವುದು ಕ್ಯಾನೇ ಎಂಬುದೂ ನಿಜ. ಪೇಟೆಯ ದಟ್ಟಣೆಯಲ್ಲಿ ತುಂಬಿದ ಕ್ಯಾನ್ ಇರಲೇಬಾರದು ಎನ್ನುವುದು ಇದಕ್ಕೇ.

ಜಾಗ ಗುರುತಿಸುವಾಗ ಇನ್ನು ನಾಲ್ಕು ವಿಷಯ ನೋಡಿ: ಸೈಲೆನ್ಸರ್ ಕೊಳವೆಯಿಂದ ಕನಿಷ್ಠ 30 ಸೆಂ.ಮೀ. ದೂರ, ಸಾಧ್ಯವಾದರೆ ಎದುರು ಬದಿ. ನಂಬರ್ ಪ್ಲೇಟ್, ಬ್ರೇಕ್ ದೀಪ, ಇಂಡಿಕೇಟರ್ ಮುಚ್ಚಬಾರದು. ಬಾಗಿಲು ಪೂರ್ತಿ ತೆರೆಯಬೇಕು. ತಟ್ಟೆಯ ಕೆಳಗಂಚು ಬಂಪರಿಗಿಂತ ಕೆಳಗೆ ಇಳಿಯಬಾರದು, ಇಳಿದರೆ ಹಳ್ಳ ಹತ್ತುವಾಗ ಅದೇ ಮೊದಲು ನೆಲಕ್ಕೆ ಬಡಿಯುತ್ತದೆ.

ತಟ್ಟೆ ಮಾಡಿಸುವುದು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿದ್ಧ ತಟ್ಟೆ ಸಿಗುತ್ತದೆ. ಯಾವ ಊರಿನ ವೆಲ್ಡಿಂಗ್ ಶಾಪಿನಲ್ಲಾದರೂ ಮಾಡಿಸಬಹುದು. ಸಿದ್ಧ ತಟ್ಟೆ ಕೊಂಡರೂ ಈ ಅಳತೆಗಳ ಜೊತೆ ಹೋಲಿಸಿ.

ತಳದ ಚೌಕಟ್ಟಿಗೆ 25×25×3 ಮಿ.ಮೀ. ಆಂಗಲ್ (ಎಲ್ ಆಕಾರದ ಉಕ್ಕು), ಅದರೊಳಗೆ 2 ಮಿ.ಮೀ. ದಪ್ಪದ ತಗಡು. ಒಳ ಅಳತೆ 355 ಮಿ.ಮೀ. ಉದ್ದ, 180 ಮಿ.ಮೀ. ಆಳ. ಉದ್ದದಲ್ಲಿ ಎರಡು ಬದಿಗೂ 5 ಮಿ.ಮೀ. ರಬ್ಬರ್ ಬರುತ್ತದೆ, ಆಳದಲ್ಲಿ ಹಿಂದೆ 5 ಮಿ.ಮೀ. ರಬ್ಬರ್, ಮುಂದೆ 10 ಮಿ.ಮೀ. ಖಾಲಿ ಜಾಗ. ಆ ಖಾಲಿ ಜಾಗ ಯಾಕೆ ಎಂಬುದು ಮುಂದೆ ಬರುತ್ತದೆ, ಅದನ್ನು ಮಾತ್ರ ಕಡಿಮೆ ಮಾಡಬೇಡಿ. ಸುತ್ತ 75 ಮಿ.ಮೀ. ಎತ್ತರದ ಅಂಚು. ಬೆನ್ನಿಗೆ 25×5 ಮಿ.ಮೀ. ಉಕ್ಕಿನ ಪಟ್ಟಿಯ ಎರಡು ಕಂಬ, 400 ಮಿ.ಮೀ. ಎತ್ತರ, ಮೇಲೆ ಕೆಳಗೆ ಎರಡು ಅಡ್ಡಪಟ್ಟಿ. ಕಂಬ ತಳಕ್ಕೆ ಸೇರುವ ಎರಡೂ ಮೂಲೆಗೆ ಗಸೆಟ್, ಅಂದರೆ ಬಲ ಕೊಡುವ 40×40×3 ಮಿ.ಮೀ. ತ್ರಿಕೋನ ತಗಡು. ಬಿರುಕು ಹುಟ್ಟುವುದು ಯಾವಾಗಲೂ ಈ ಮೂಲೆಯಲ್ಲೇ, ವೆಲ್ಡಿನ ಪಕ್ಕದ ಕಾದ ಲೋಹದಲ್ಲಿ. ಗಸೆಟ್ ಇಲ್ಲದ ಸಿದ್ಧ ತಟ್ಟೆ ಕೊಂಡರೆ ಮೊದಲು ಅದನ್ನು ಹಾಕಿಸಿ. ತಳದಲ್ಲಿ 10 ಮಿ.ಮೀ.ನ ನಾಲ್ಕು ತೂತು ಬೇಕು, ನೀರೂ ಮರಳೂ ಹೊರಹೋಗಲು.

ರಬ್ಬರ್ ಗಟ್ಟಿಯದಿರಲಿ, ಹಳೆಯ ಕನ್ವೇಯರ್ ಬೆಲ್ಟಿನ ತುಂಡು ಚೆನ್ನಾಗಿ ಬಾಳುತ್ತದೆ. ಕಾರ್ಪೆಟ್, ಸ್ಪಂಜು ಬೇಡ. ಅವು ನೀರು ಹಿಡಿದಿಟ್ಟುಕೊಂಡು ಕ್ಯಾನಿನ ತಳಕ್ಕೆ ತುಕ್ಕು ತರುತ್ತವೆ. ರಬ್ಬರೇ ಇಲ್ಲದಿದ್ದರೆ ಇನ್ನೂ ಕೆಟ್ಟದ್ದು. ಲಡಾಖಿನ ನುಣುಪು ಧೂಳು ಎರಡು ಉಕ್ಕಿನ ನಡುವೆ ಸೇರಿ ಅರದ ಕೆಲಸ ಮಾಡುತ್ತದೆ. ಕ್ಯಾನಿನ ತಳದ ಮೂಲೆಯಲ್ಲಿ ಬಣ್ಣ ಹೋಗಿ, ತಗಡು ತೆಳುವಾಗಿ, ಸೂಜಿಮೊನೆಯಷ್ಟು ತೂತಾಗುತ್ತದೆ. ಅದು ತಟ್ಟೆಯ ಒಳಗಡೆ ಆಗುವುದರಿಂದ ಕಣ್ಣಿಗೆ ಬೀಳುವುದಿಲ್ಲ, ವಾಸನೆ ಬಂದಾಗಲೇ ಗೊತ್ತಾಗುವುದು.

ಗಾಡಿಯ ಮೇಲೆಯೇ ವೆಲ್ಡ್ ಮಾಡುವುದಿದ್ದರೆ ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ, ವೆಲ್ಡಿಂಗ್ ಅರ್ಥನ್ನು ಕೆಲಸದ ಜಾಗದ ಪಕ್ಕದಲ್ಲೇ ಹಿಡಿಸಿ. ಇಲ್ಲದಿದ್ದರೆ ಎಂಜಿನ್ನಿನ ಕಂಪ್ಯೂಟರಿಗೆ ಹೊಡೆತ ಬೀಳಬಹುದು. ಹತ್ತಿರದಲ್ಲಿ ಖಾಲಿ ಕ್ಯಾನ್ ಇರಬಾರದು. ತುಂಬಿದ ಕ್ಯಾನಿಗಿಂತ ಆವಿ ತುಂಬಿದ ಖಾಲಿ ಕ್ಯಾನ್ ಸಿಡಿಯುವ ಅಪಾಯ ಹೆಚ್ಚು.

ಬೋಲ್ಟು ಹಾಕುವುದು

ಒಂದು ತಟ್ಟೆಗೆ ನಾಲ್ಕು ಎಂ8 (8 ಮಿ.ಮೀ. ದಪ್ಪದ) ಬೋಲ್ಟು, ಬಲದ ಗ್ರೇಡ್ 8.8. ತಲೆಯ ಮೇಲೆ ಆ ಅಂಕಿ ಅಚ್ಚಾಗಿರಬೇಕು. ಅಚ್ಚಿಲ್ಲದ ಬೋಲ್ಟು ಬಿಡಿ. ತೋಳು ಚಾಸಿ ಬಂಪರಿಗೆ ಸೇರುವಲ್ಲಿ ಎಂ10 ಅಥವಾ ಅದಕ್ಕೂ ದಪ್ಪದ್ದು. 20 ಕೆ.ಜಿ.ಗೆ ಇಷ್ಟೇಕೆ ಎನ್ನಬಹುದು. ಗುಂಡಿಗೆ ಬಿದ್ದ ಗಳಿಗೆಯಲ್ಲಿ 20 ಕೆ.ಜಿ. ಅದರ ಮೂರು ನಾಲ್ಕು ಪಟ್ಟು ಎಳೆಯುತ್ತದೆ, ಅದು ದಿನವಿಡೀ ಸಾವಿರಾರು ಸಲ. ಒಂದು ಸಲಕ್ಕೆ ಮುರಿಯದ ಬೋಲ್ಟು ಹೀಗೆ ಸಡಿಲಾಗಿ ಮುರಿಯುತ್ತದೆ.

ಮೊದಲು ತಟ್ಟೆಯನ್ನು ಖಾಲಿ ಕ್ಯಾನಿನೊಡನೆ ಹಿಡಿದು ನೋಡಿ, ಬಾಗಿಲು ತೆರೆದು ಮುಚ್ಚಿ, ಆಮೇಲೆ ಗುರುತು ಹಾಕಿ. ಕೊರೆಯುವ ಜಾಗದ ಹಿಂದೆ ಕೈ ಹಾಕಿ ವೈರಿಂಗ್, ಬ್ರೇಕ್ ಪೈಪು ಇಲ್ಲ ಎಂದು ಖಚಿತಮಾಡಿಕೊಳ್ಳಿ. 3 ಮಿ.ಮೀ. ಬಿಟ್‌ನಿಂದ ಆರಂಭಿಸಿ, 6, ಕೊನೆಗೆ 9 ಮಿ.ಮೀ. ಅಂಚಿನ ಮುಳ್ಳು ತೆಗೆದು, ಬರಿಯ ಲೋಹಕ್ಕೆ ಜಿಂಕ್ ಪ್ರೈಮರ್ ಎರಡು ಕೈ ಹಚ್ಚಿ ಒಣಗಲು ಬಿಡಿ. ಕರಾವಳಿಯ ಗಾಡಿಯಾದರೆ ಈ ಹೆಜ್ಜೆ ಬಿಡಲೇಬೇಡಿ. ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತೂತಿನ ಸುತ್ತ ತುಕ್ಕು ಹಬ್ಬುತ್ತದೆ.

ತೆಳು ತಗಡಿಗೆ ಬೋಲ್ಟು ಹಾಕಬೇಕಾದಲ್ಲಿ ಹಿಂದೆ 3 ಮಿ.ಮೀ. ದಪ್ಪದ, ಕನಿಷ್ಠ 60×60 ಮಿ.ಮೀ. ಉಕ್ಕಿನ ತುಂಡು ಇಡಿ. ಬರೀ ವಾಷರ್ ತಗಡನ್ನು ಹರಿದುಕೊಂಡು ಹೊರಬರುತ್ತದೆ. ಎರಡು ಕಡೆಯೂ ವಾಷರ್, ಮೇಲೆ ಅದುರಿಗೆ ಸಡಿಲಾಗದ ನೈಲಾಕ್ ನಟ್ಟು. ಬಿಗಿಯುವ ಬಲ ಎಂ8ಕ್ಕೆ ಸುಮಾರು 25 ನ್ಯೂಟನ್ ಮೀಟರ್, ಎಂ10ಕ್ಕೆ ಸುಮಾರು 45. ಬಿಗಿದ ಮೇಲೆ ನಟ್ಟಿನಿಂದ ತಟ್ಟೆಯವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ದಾರಿಯಲ್ಲಿ ಪಾನೆ ತೆಗೆಯದೆ, ಗೆರೆ ಸರಿದಿದೆಯೇ ಎಂದು ಬಗ್ಗಿ ನೋಡಿದರೆ ಸಾಕು.

ಪಟ್ಟಿಗಳು ಎರಡು. 25 ಮಿ.ಮೀ. ಅಗಲದ ಪಾಲಿಯೆಸ್ಟರಿನದೇ ಇರಲಿ, ಏಕೆಂದರೆ ನೈಲಾನ್ ಒದ್ದೆಯಾದರೆ ಉದ್ದವಾಗುತ್ತದೆ. ಒಂದು ಪಟ್ಟಿ ತಟ್ಟೆಯ ಬೆನ್ನಿನಿಂದ ಹಿಡಿಯ ಕೆಳಗೆ ನುಸುಳಿ ಮುಂದಿನ ಅಂಚಿಗೆ ಇಳಿಯಬೇಕು. ಇನ್ನೊಂದು ಕ್ಯಾನನ್ನು ಸುತ್ತಿ ಹಿಡಿಯಬೇಕು, ಆದರೆ ಹೊಟ್ಟೆಯ ನಡುವೆ ಬೇಡ, ಭುಜದ ಸ್ವಲ್ಪ ಕೆಳಗೆ. ಪಟ್ಟಿ ಬಿಗಿಯುವ ಹಲ್ಲಿನ ಹಿಡಿಯನ್ನು (ರಾಚೆಟ್) ಮೈಬಲ ಹಾಕಿ ಎಳೆದರೆ ತಗಡು ತಗ್ಗುತ್ತದೆ. ಕೈಯಲ್ಲಿ ಅಲುಗಿಸಿದರೆ ಅಲುಗದಷ್ಟು ಸಾಕು. ಪಟ್ಟಿಗೆ ಅರ್ಧ ತಿರುವು ಕೊಟ್ಟರೆ ಗಾಳಿಗೆ ಪಟಪಟ ಬಡಿಯುವುದು ನಿಲ್ಲುತ್ತದೆ. ಬಿಸಿಲಿಗೆ ಬಣ್ಣ ಬಿಳಿಚಿ ಅಂಚು ನೂಲೆದ್ದ ಪಟ್ಟಿಯನ್ನು ಬಿಸಾಡಿ. ಕಳ್ಳರ ಭಯಕ್ಕೆ ಹಿಡಿಯ ಮೂಲಕ ಒಂದು ಸರಳು ತೂರಿಸಿ ಬೀಗ ಹಾಕಬಹುದು. ಬೀಗದ ಕೀಲಿ ಗಾಡಿಯ ಕೀಲಿಗೊಂಚಲಿನಲ್ಲೇ ಇರಲಿ.

ಇಂಧನ ತುಂಬುವ ಮೊದಲು ನೀರಿನಿಂದ ಪರೀಕ್ಷೆ. ಕ್ಯಾನಿಗೆ 20 ಲೀಟರ್ ನೀರು ತುಂಬಿ ಕಟ್ಟಿ. ಇದು ಪೆಟ್ರೋಲಿಗಿಂತ ಸುಮಾರು 5 ಕೆ.ಜಿ. ಹೆಚ್ಚು ತೂಗುತ್ತದೆ, ಒಳ್ಳೆಯದೇ. ಹತ್ತಿರದ ಕೆಟ್ಟ ರಸ್ತೆಯಲ್ಲಿ 50 ಕಿ.ಮೀ. ಓಡಿಸಿ. ನಿಲ್ಲಿಸಿ ಗೆರೆ ನೋಡಿ, ಪಟ್ಟಿ ನೋಡಿ, ಗಸೆಟಿನ ಮೂಲೆಗೆ ಬೆರಳು ಸವರಿ, ತಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ. ತಟ್ಟೆ ಅಲ್ಲಾಡದೆ ಬಂಪರೇ ಅಲ್ಲಾಡಿದರೆ ಬಂಪರಿನ ಬೋಲ್ಟಿಗೆ ಹೋಗಿ. ಪರೀಕ್ಷೆ ಮುಗಿದ ಮೇಲೆ ನೀರು ಚೆಲ್ಲಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಅರ್ಧ ಲೀಟರ್ ಇಂಧನ ಹಾಕಿ ಕುಲುಕಿ ತೊಳೆಯಿರಿ. ಎಥೆನಾಲ್ ಇರುವ ಪೆಟ್ರೋಲಿಗೆ ನೀರು ಸೇರಿದರೆ ಎಥೆನಾಲೂ ನೀರೂ ಕೂಡಿ ತಳಕ್ಕಿಳಿಯುತ್ತವೆ, ಅದು ಟ್ಯಾಂಕಿಗೆ ಹೋದರೆ ಎಂಜಿನ್ ತೊದಲುತ್ತದೆ.

ಎತ್ತರ ಮತ್ತು ಒತ್ತಡ

ಬಯಲುನಾಡಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ಬ್ರಾಕೆಟ್ ಲಡಾಖಿನಲ್ಲಿ ತಕರಾರು ಮಾಡುವುದು ಇಲ್ಲಿ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು 79 ಕಿಲೋಪ್ಯಾಸ್ಕಲ್. 5,328 ಮೀಟರ್ ಎತ್ತರದ ಟಂಗ್ಲಾಂಗ್ ಲಾ ಘಾಟಿಯಲ್ಲಿ ಅದು 53ರ ಆಸುಪಾಸು. ಮನಾಲಿಯಲ್ಲಿ ಮುಚ್ಚಿದ ಕ್ಯಾನಿನೊಳಗೆ ಹಳೆಯ ಒತ್ತಡವೇ ಉಳಿದಿರುತ್ತದೆ, ಹೊರಗಿನದು ಕುಸಿದಿರುತ್ತದೆ. 26 ಕಿಲೋಪ್ಯಾಸ್ಕಲ್ ವ್ಯತ್ಯಾಸವನ್ನು ಕ್ಯಾನಿನ ಅಗಲ ಮುಖಕ್ಕೆ ಗುಣಿಸಿ ನೋಡಿ, ಒಂದೊಂದು ಮುಖದ ಮೇಲೂ 400 ಕೆ.ಜಿ. ಮೀರಿದ ತಳ್ಳು. ಕ್ಯಾನ್ ಉಬ್ಬಿದಂತೆ ಈ ತಳ್ಳು ಕಡಿಮೆಯಾಗುತ್ತದೆ. ಆದರೆ ಅದರ ಮೇಲೆ ಬಿಸಿಲು ಬಿದ್ದರೆ ಪೆಟ್ರೋಲಿನ ಆವಿಯ ಒತ್ತಡವೂ ಸೇರುತ್ತದೆ. ಉಬ್ಬಲು ಜಾಗವಿಲ್ಲದ ಬಿಗಿ ತಟ್ಟೆಯಲ್ಲಿ ಕ್ಯಾನ್ ಸಿಕ್ಕಿಹಾಕಿಕೊಂಡು ಹೊರಗೇ ಬರುವುದಿಲ್ಲ, ಅಥವಾ ಹೊಲಿಗೆಯ ಮೇಲೆ ಎಳೆತ ಬೀಳುತ್ತದೆ. ಆ 10 ಮಿ.ಮೀ. ಸಂದಿ ಇದಕ್ಕೆ. ಪಟ್ಟಿಯನ್ನು ಹೊಟ್ಟೆಯ ನಡುವೆ ಕಟ್ಟಬಾರದು ಎಂದದ್ದೂ ಇದಕ್ಕೇ.

ಪೂರ್ತಿ ತುಂಬಬೇಡಿ ಎನ್ನುವುದಕ್ಕೂ ಕಾರಣವಿದೆ. ಪೆಟ್ರೋಲ್ 30 ಡಿಗ್ರಿ ಬಿಸಿಯಾದರೆ 20 ಲೀಟರಿಗೆ ಅರ್ಧ ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಬೆಳಗಿನ ಐದು ಡಿಗ್ರಿಯಲ್ಲಿ ಕಂಠಪೂರ್ತಿ ತುಂಬಿದ ಕ್ಯಾನ್ ಮಧ್ಯಾಹ್ನದ ಬಿಸಿಲಲ್ಲಿ ಹಿಗ್ಗಲು ಎಡೆಯಿಲ್ಲದೆ ಉಂಗುರದಿಂದ ಜಿನುಗುತ್ತದೆ. 20 ಲೀಟರಿನ ಕ್ಯಾನಿಗೆ 19 ಲೀಟರ್, ಅಷ್ಟೇ.

ಮುಚ್ಚಳ ತೆರೆಯುವಾಗ ಎಂಜಿನ್ ಆರಿಸಿ, ಕ್ಯಾನನ್ನು ನೆಲದ ಮೇಲೆ ನಿಲ್ಲಿಸಿ, ಒಲೆಯೂ ಸಿಗರೇಟೂ ಇಲ್ಲದ ಕಡೆ, ಮುಖ ದೂರ ಹಿಡಿದು, ಮುಚ್ಚಳದ ಮೇಲೆ ಬಟ್ಟೆ ಹಾಕಿ, ಲಿವರನ್ನು ಕೂದಲೆಳೆಯಷ್ಟು ಎತ್ತಿ ನಿಲ್ಲಿಸಿ. ಬುಸುಗುಟ್ಟುವುದು ನಿಂತ ಮೇಲೆ ತೆರೆಯಿರಿ. ಒಮ್ಮೆಲೇ ತೆರೆದರೆ ಪೆಟ್ರೋಲ್ ಚಿಮ್ಮಿ ಕಣ್ಣಿಗೇ ಬರುತ್ತದೆ. ಮೇಲೆ ಮುಚ್ಚಿದ ಖಾಲಿ ಕ್ಯಾನ್ ಕೆಳಗಿಳಿದಾಗ ಇದರ ತಿರುವುಮುರುವು: ಮುಖಗಳು ಒಳಗೆ ಹೀರಿಕೊಳ್ಳುತ್ತವೆ. ಲಿವರ್ ಸ್ವಲ್ಪ ಎತ್ತಿದರೆ ತಗಡು ಟಕ್ಕೆಂದು ಮರಳಿ ಕೂರುತ್ತದೆ.

ತುಂಬುವುದು, ಸುರಿಯುವುದು

ಬಂಕಿನಲ್ಲಿ ಕ್ಯಾನನ್ನು ಬ್ರಾಕೆಟ್‌ನಿಂದ ಇಳಿಸಿ ನೆಲದ ಮೇಲೆ ಇಡಿಸಿ. ಗಾಡಿಯ ಮೇಲೆಯೇ, ರಬ್ಬರ್ ಹಾಸಿನ ಮೇಲೆಯೇ ತುಂಬಿದರೆ ಹರಿಯುವ ಪೆಟ್ರೋಲಿನಿಂದ ಹುಟ್ಟುವ ಸ್ಥಿರ ವಿದ್ಯುತ್ತಿಗೆ ನೆಲಕ್ಕೆ ಇಳಿಯಲು ದಾರಿ ಇರುವುದಿಲ್ಲ. ನಾಜಲ್ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ, ನಿಧಾನ ತುಂಬಲಿ. ಎರಡು ಬಗೆಯ ಇಂಧನ ಒಯ್ಯುವ ಗುಂಪಿನಲ್ಲಿ ಕ್ಯಾನಿನ ಮೇಲೆ ದಪ್ಪ ಅಕ್ಷರದಲ್ಲಿ ಪೆಟ್ರೋಲ್, ಡೀಸೆಲ್ ಎಂದು ಬಣ್ಣದಲ್ಲಿ ಬರೆಯಿರಿ. ಕತ್ತಲಲ್ಲಿ, ಚಳಿಯಲ್ಲಿ ಎಲ್ಲ ಹಸಿರು ಕ್ಯಾನೂ ಒಂದೇ.

ಚಳಿಗಾಲದ ಡೀಸೆಲ್ ಗಾಡಿಯವರು ಕ್ಯಾನಿನಲ್ಲಿ ಬಯಲುಸೀಮೆಯ ಡೀಸೆಲ್ ಒಯ್ಯಬಾರದು. ಅದು ಚಳಿಗೆ ಮೇಣಕಟ್ಟಿ ಫಿಲ್ಟರ್ ಮುಚ್ಚುತ್ತದೆ. ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಲಡಾಖಿಗೆಂದೇ ಮೈನಸ್ 33 ಡಿಗ್ರಿಯವರೆಗೆ ಹರಿಯುವ ಡೀಸೆಲ್ ತಂದಿದೆ. ಚಳಿಗಾಲದಲ್ಲಿ ಹೋಗುವವರು ಕ್ಯಾನಿಗೂ ಟ್ಯಾಂಕಿಗೂ ಅಲ್ಲಿಯದನ್ನೇ ತುಂಬಿಸಿಕೊಳ್ಳಿ.

ಸುರಿಯಲು ಕೊನೆಯ ಹನಿಗೆ ಕಾಯಬೇಡಿ. ಟ್ಯಾಂಕಿನಲ್ಲಿ 20 ಲೀಟರಿಗೆ ಜಾಗವಾದ ಕೂಡಲೇ, ಗಾಳಿ ಕಡಿಮೆ ಇರುವ ಸಮತಟ್ಟು ಜಾಗದಲ್ಲಿ, ಬೆಳಕಿರುವಾಗ ಸುರಿದುಬಿಡಿ. ಹಿಂಬದಿಯ ಭಾರ ಬೇಗ ಇಳಿಯುತ್ತದೆ, ಬ್ರಾಕೆಟ್‌ಗೂ ಬಿಡುವು. 4,500 ಮೀಟರಿನಲ್ಲಿ 20 ಕೆ.ಜಿ. ಎತ್ತಿ ಹಿಡಿದು ನಿಲ್ಲುವುದು ಉಸಿರು ಕಟ್ಟಿಸುವ ಕೆಲಸ. ತುದಿಯಲ್ಲಿ ತಾಮ್ರದ ಕವಾಟವಿರುವ, ಅಲ್ಲಾಡಿಸಿದರೆ ಹರಿಯತೊಡಗುವ ಸೈಫನ್ ಪೈಪ್ ಇಟ್ಟುಕೊಳ್ಳಿ. ಕ್ಯಾನ್ ಟ್ಯಾಂಕಿನ ಬಾಯಿಗಿಂತ ಎತ್ತರದಲ್ಲಿದ್ದರೆ ತಾನೇ ಇಳಿಯುತ್ತದೆ. ಬಾಯಲ್ಲಿ ಎಳೆಯಬೇಡಿ. ಪೆಟ್ರೋಲ್ ಶ್ವಾಸಕೋಶಕ್ಕೆ ಹೋದರೆ ಅಲ್ಲಿ ಆಸ್ಪತ್ರೆ ದೂರ.

ನಳಿಕೆಯ ತುದಿ ನಿಮ್ಮ ಗಾಡಿಯ ಬಾಯಿಗೆ ಹೊಂದುತ್ತದೆಯೇ ಎಂದು ಮನೆಯಲ್ಲೇ ನೋಡಿ. ಪೆಟ್ರೋಲ್ ಗಾಡಿಯ ಬಾಯಿ ಕಿರಿದು, ಡೀಸೆಲ್ ಕ್ಯಾನಿಗೆಂದು ಕೊಡುವ ದಪ್ಪ ನಳಿಕೆ ಅದರೊಳಗೆ ಹೋಗುವುದಿಲ್ಲ. ಒಳಗೆ ಮುಚ್ಚಳದ ರೆಕ್ಕೆ ಇರುವ ಗಾಡಿಗೆ ಅದನ್ನು ತಳ್ಳಿ ಹಿಡಿಯುವಷ್ಟು ಉದ್ದದ ಫನಲ್ ಬೇಕು. ಫನಲ್‌ನಲ್ಲಿ ಸಣ್ಣ ಜಾಲರಿ ಇರಲಿ. ಸುರಿಯುವ ಮುನ್ನ ಕ್ಯಾನಿನ ಬಾಯಿ, ಟ್ಯಾಂಕಿನ ಬಾಯಿ ಎರಡನ್ನೂ ಒದ್ದೆಬಟ್ಟೆಯಿಂದ ಒರೆಸಿ.

ಪ್ರತಿದಿನ ಬೆಳಗ್ಗೆ ಹೊರಡುವಾಗ, ಮತ್ತು ಕಚ್ಚಾ ರಸ್ತೆಗೆ ಇಳಿದ ಮೊದಲ 20 ಕಿ.ಮೀ. ಆದ ಮೇಲೆ, ಇಳಿದು ಪಟ್ಟಿಯನ್ನೂ ಬಿಳಿ ಗೆರೆಗಳನ್ನೂ ನೋಡಿ. ವಾಸನೆ ಬಂದರೆ ಅಲ್ಲೇ ನಿಲ್ಲಿಸಿ ಕ್ಯಾನ್ ಹೊರತೆಗೆದು ತಳದ ಮೂಲೆಗಳನ್ನು ನೋಡಬೇಕು. ಪುಡಿ ಅಗ್ನಿಶಾಮಕ ಸಿಲಿಂಡರ್, ಕನಿಷ್ಠ 1 ಕೆ.ಜಿ.ಯದು, ಚಾಲಕನ ಸೀಟಿನ ಪಕ್ಕದಲ್ಲಿರಲಿ. ಕ್ಯಾನಿನ ಪಕ್ಕ ಕಟ್ಟಿದರೆ ಬೆಂಕಿ ಬಿದ್ದಾಗ ಅದು ಕೈಗೆ ಸಿಗುವುದಿಲ್ಲ.

ಊರಿಗೆ ಮರಳುವ ಮೊದಲೇ ಉಳಿದದ್ದನ್ನು ಟ್ಯಾಂಕಿಗೆ ಸುರಿಯಿರಿ. ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ, ತಿಂಗಳುಗಟ್ಟಲೆ ಇಡುವ ವಸ್ತುವಲ್ಲ. ತುಂಬಿದ ಕ್ಯಾನ್ ಮನೆಯಲ್ಲೋ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೋ ಇಡುವುದಂತೂ ಬೇಡವೇ ಬೇಡ. ಖಾಲಿ ಕ್ಯಾನನ್ನು ಬಯಲಿನ ನೆರಳಿನಲ್ಲಿ ಬಾಯಿ ತೆರೆದು ಒಂದು ದಿನ ಆರಿಸಿ, ಉಂಗುರ ಒರೆಸಿ, ಲಿವರ್ ಬಿಗಿ ಹಾಕದೆ ಸಡಿಲ ಮುಚ್ಚಿ ಇಟ್ಟರೆ ರಬ್ಬರ್ ಚಪ್ಪಟೆಯಾಗುವುದಿಲ್ಲ. ಪಟ್ಟಿಗಳನ್ನು ಕಳಚಿ, ತೊಳೆದು, ಕತ್ತಲಲ್ಲಿಡಿ. ತಟ್ಟೆಯ ರಬ್ಬರ್ ಕಿತ್ತು ಕೆಳಗಿನ ಧೂಳು ತೊಳೆಯಿರಿ, ಬಣ್ಣ ಹೋದ ಕಡೆ ಆಗಲೇ ಪ್ರೈಮರ್ ಹಚ್ಚಿ.